ಮಕ್ಕಳ ತಲೆಬುರುಡೆ–ಮುಖದ ಶಸ್ತ್ರವೈದ್ಯರಾಗುವ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರರೋಗಿ ವಿಭಾಗದಲ್ಲಿ ತಂದೆತಾಯಿಯರು, ಕಾಲೇಜುಗಳಿಗೆ ಹೋದಾಗ ಪಿಯುಸಿ ವಿದ್ಯಾರ್ಥಿಗಳು, ರಾತ್ರಿ ಪಾಳಿಯ ಚಹಾದ ಹೊತ್ತಿನಲ್ಲಿ ಕಿರಿಯ ವೈದ್ಯರು ಕೇಳುತ್ತ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲಿನವು ಯಾರಿಗಾದರೂ ಬರುವ ಪ್ರಶ್ನೆಗಳು. ಕೊನೆಯ ಭಾಗದವು ಈಗಾಗಲೇ ಈ ದಾರಿಯಲ್ಲಿ ಇರುವವರದು. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಉತ್ತರ ಅರ್ಥವಾಗುತ್ತದೆ.

## ಮೊದಲು ತಿಳಿಯಬೇಕಾದದ್ದು

"ಪ್ಲಾಸ್ಟಿಕ್ ಸರ್ಜನ್ ಅಂದರೆ ಮೂಗು ಚೆಂದ ಮಾಡುವವರು ಅಲ್ವಾ? ನೀವು ಮಾಡೋದೂ ಅದೇ ತಾನೆ?"

ಈ ವಿದ್ಯೆ ಮೂಗಿನಿಂದ ಆರಂಭವಾಯಿತೆನ್ನುವುದು ನಿಜ, ಆದರೆ ಚೆಂದಕ್ಕಾಗಿ ಅಲ್ಲ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಕಡೆಯ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನೇ ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆಯೇ ಯುರೋಪಿನ ವೈದ್ಯರು ಆ ವಿಧಾನವನ್ನು ಕೈಗೆತ್ತಿಕೊಂಡರು. ಅಂದರೆ ನಮ್ಮ ವಿಭಾಗದ ಆಧುನಿಕ ಚರಿತ್ರೆಯ ಒಂದು ಎಳೆ ಶ್ರೀರಂಗಪಟ್ಟಣದ ಸುತ್ತಮುತ್ತಲಿನ ಯುದ್ಧಭೂಮಿಯಿಂದಲೇ ಹೊರಡುತ್ತದೆ.

ಮಕ್ಕಳ ತಲೆಬುರುಡೆ–ಮುಖದ ಶಸ್ತ್ರವೈದ್ಯ, ಅಂದರೆ ಪೀಡಿಯಾಟ್ರಿಕ್ ಕ್ರೇನಿಯೋಫೇಶಿಯಲ್ ಸರ್ಜನ್, ಹುಟ್ಟಿನಿಂದಲೇ ರೂಪ ತಪ್ಪಿದ ಅಥವಾ ಅಪಘಾತ, ಗಡ್ಡೆಗಳಿಂದ ಕೆಟ್ಟ ತಲೆ, ಮುಖ, ದವಡೆ, ಅಂಗುಳಗಳನ್ನು ಸರಿಪಡಿಸುತ್ತಾನೆ. ಮುಖವೆಂದರೆ ಕೇವಲ ರೂಪವಲ್ಲ. ಉಸಿರಾಟ, ಹಾಲು ನುಂಗುವುದು, ಮಾತು, ದೃಷ್ಟಿ, ಕಿವಿ ಎಲ್ಲವೂ ಅಂಗೈಯಗಲದ ಆ ಜಾಗದಲ್ಲೇ ಇವೆ.

"ದೊಡ್ಡವರಿಗೆ ಮಾಡುವವರೇ ಮಕ್ಕಳಿಗೂ ಮಾಡಬಹುದಲ್ಲ, ಬೇರೆ ಯಾಕೆ?"

ದೊಡ್ಡವರ ಮುಖ ನಿಂತ ಮನೆಯಾದರೆ ಮಗುವಿನ ಮುಖ ಕಟ್ಟುತ್ತಿರುವ ಮನೆ. ಇಂದು ನಾನು ಅಂಗುಳದ ಮೂಳೆಯ ಮೇಲಿನ ಪದರವನ್ನು ಎತ್ತಿ ಹೊಲಿದರೆ, ಅಲ್ಲಿ ಉಳಿಯುವ ಕಲೆಯ ಬಿಗಿತ ಮುಂದಿನ ಹದಿನೈದು ವರ್ಷ ಮೇಲ್ದವಡೆಯನ್ನು ಹಿಂದಕ್ಕೆ ಹಿಡಿದೆಳೆಯಬಹುದು. ಮಗುವಿಗೆ ಮಾಡುವ ಪ್ರತಿ ಶಸ್ತ್ರಕ್ರಿಯೆಗೂ ಬೆಳವಣಿಗೆಯ ರೂಪದಲ್ಲಿ ಒಂದು ಬೆಲೆ ಇರುತ್ತದೆ, ಮತ್ತು ಆ ಬೆಲೆಯ ಚೀಟಿ ವೈದ್ಯನ ಕೈಗೆ ಬರುವುದು ಮಗು ಪಿಯುಸಿಗೆ ಬಂದಾಗ. ಈ ವಿಭಾಗದ ತರಬೇತಿ ಇಷ್ಟು ದೀರ್ಘವಾಗಿರುವುದಕ್ಕೆ ಕೈಚಳಕಕ್ಕಿಂತ ಇದೇ ದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ.

"ಯಾವ ಯಾವ ಮಕ್ಕಳು ನಿಮ್ಮ ಹತ್ತಿರ ಬರುತ್ತಾರೆ?"

ಹೆಚ್ಚಿನವರು ಸೀಳುತುಟಿ, ಸೀಳಂಗುಳದ ಮಕ್ಕಳು. ಜಗತ್ತಿನ ಸರಾಸರಿಯಲ್ಲಿ ಸುಮಾರು 700 ಹೆರಿಗೆಗಳಿಗೆ ಒಂದು ಮಗು ಹೀಗೆ ಹುಟ್ಟುತ್ತದೆ. ಆಮೇಲಿನವರು ತಲೆಬುರುಡೆಯ ಮೂಳೆಗಳ ನಡುವಿನ ಹೊಲಿಗೆಯಂಥ ಸಂದುಗೆರೆಗಳು ಕಾಲಕ್ಕೆ ಮೊದಲೇ ಬೆಸೆದುಕೊಂಡ ಮಕ್ಕಳು. ಕ್ರೇನಿಯೋಸಿನೊಸ್ಟೋಸಿಸ್ ಎಂಬ ಈ ತೊಂದರೆ ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ನೆತ್ತಿಯ ನಡುಗೆರೆ ಬೆಸೆದರೆ ತಲೆ ದೋಣಿಯಂತೆ ಉದ್ದವಾಗುತ್ತದೆ. ಹಣೆಯ ಗೆರೆ ಬೆಸೆದರೆ ಹಣೆ ತ್ರಿಕೋನವಾಗುತ್ತದೆ. ಇವಲ್ಲದೆ ಏಪರ್ಟ್, ಕ್ರೂಜೋನ್, ಟ್ರೀಚರ್ ಕಾಲಿನ್ಸ್ ಮುಂತಾದ ವಂಶವಾಹಿ ದೋಷಗಳು, ಕೆಳದವಡೆ ತೀರಾ ಸಣ್ಣದಾಗಿ ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟುವ ಪಿಯರ್ ರಾಬಿನ್ ಶಿಶುಗಳು, ಮುಖದ ಒಂದು ಪಕ್ಕ ಬೆಳೆಯದ ಮಕ್ಕಳು, ಮೂಗಿನ ಬುಡದಲ್ಲಿ ಮಿದುಳಿನ ಪೊರೆ ಹೊರಬಂದಿರುವವರು ಇದ್ದಾರೆ.

"ಈ ವಿಭಾಗ ಹೊಸತಾ? ನಮ್ಮ ಅಜ್ಜನ ಕಾಲದಲ್ಲಿ ಕೇಳಿರಲಿಲ್ಲ."

ಸೀಳುತುಟಿಯ ಹೊಲಿಗೆ ಬಹಳ ಹಳೆಯದು. ಆದರೆ ತಲೆಬುರುಡೆಯನ್ನು ತೆರೆದು, ಮಿದುಳನ್ನು ಮೆಲ್ಲನೆ ಹಿಂದೆ ಸರಿಸಿ, ಕಣ್ಣುಗೂಡುಗಳನ್ನೇ ಎತ್ತಿ ಹತ್ತಿರಕ್ಕೆ ತರುವ ಕೆಲಸ 1960ರ ದಶಕದ್ದು. ಅದರ ಮೂಲಪುರುಷ ಫ್ರಾನ್ಸಿನ ಪಾಲ್ ಟೆಸಿಯರ್. ಈ ಶಸ್ತ್ರಕ್ರಿಯೆಯನ್ನು ಜೀವಂತ ರೋಗಿಯ ಮೇಲೆ ಮಾಡುವ ಮೊದಲು ಅವರು ಪ್ಯಾರಿಸ್‌ನಿಂದ ನಾಂತ್ ನಗರಕ್ಕೆ ರೈಲಿನಲ್ಲಿ ಹೋಗಿ ಶವಗಳ ಮೇಲೆ ಅಭ್ಯಾಸ ಮಾಡುತ್ತಿದ್ದರು. ನರಶಸ್ತ್ರವೈದ್ಯ ಜೆರಾರ್ ಗಿಯೋ ಅವರ ಬಳಿ ಹೋಗಿ, ಮಿದುಳಿನ ಕಡೆಯಿಂದ ಮುಖದ ಮೂಳೆಯನ್ನು ತಲುಪಬಹುದೇ ಎಂದು ಕೇಳಿದಾಗ ಗಿಯೋ ಕೊಟ್ಟ ಉತ್ತರ "ಯಾಕಾಗಬಾರದು?" ಎಂದಿತ್ತಂತೆ. 1967ರಲ್ಲಿ ರೋಮ್‌ನ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಟೆಸಿಯರ್ ತಮ್ಮ ರೋಗಿಗಳ ಚಿತ್ರಗಳನ್ನು ತೋರಿಸಿದ ದಿನವನ್ನು ಈ ವಿಭಾಗದ ಹುಟ್ಟುದಿನವೆಂದೇ ಎಣಿಸುತ್ತಾರೆ. ಮುಖದ ಸೀಳುಗಳಿಗೆ 0ಯಿಂದ 14ರವರೆಗೆ ಅವರು ಕೊಟ್ಟ ಸಂಖ್ಯೆಗಳನ್ನೇ ಇಂದಿಗೂ ಕೇಸ್ ಶೀಟಿನಲ್ಲಿ ಬರೆಯುತ್ತೇವೆ.

## ಓದಿನ ದಾರಿ

"ಪಿಯುಸಿ ಆದ ಮೇಲೆ ಒಟ್ಟು ಎಷ್ಟು ವರ್ಷ ಓದಬೇಕು? ನಿಜ ಹೇಳಿ."

ನಿಜ ಹೇಳುವುದಾದರೆ ಹನ್ನೆರಡು ವರ್ಷಕ್ಕೆ ಕಡಿಮೆಯಿಲ್ಲ. ನೀಟ್ ಬರೆದು ಎಂಬಿಬಿಎಸ್ ಸೇರಿದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಬಳಿಕ ನೀಟ್ ಪಿಜಿ ಮೂಲಕ ಜನರಲ್ ಸರ್ಜರಿಯಲ್ಲಿ ಮೂರು ವರ್ಷ ಎಂಎಸ್, ಅನಂತರ ನೀಟ್ ಎಸ್‌ಎಸ್ ಮೂಲಕ ಪ್ಲಾಸ್ಟಿಕ್ ಸರ್ಜರಿಯಲ್ಲಿ ಮೂರು ವರ್ಷ ಎಂಸಿಎಚ್, ಅಂದರೆ ಎಂಎಸ್ ಮೇಲಿನ ಉನ್ನತ ಪದವಿ. ಅಲ್ಲಿಗೆ ಹನ್ನೊಂದೂವರೆ ವರ್ಷ. ಅದರ ಮೇಲೆ ಸೀಳುತುಟಿ ಮತ್ತು ಕ್ರೇನಿಯೋಫೇಶಿಯಲ್ ಫೆಲೋಶಿಪ್, ಅಂದರೆ ಹಿರಿಯರ ಕೈಕೆಳಗಿನ ವಿಶೇಷ ತರಬೇತಿ, ಒಂದೋ ಎರಡೋ ವರ್ಷ. ಎಂಬಿಬಿಎಸ್ ಮುಗಿದ ಕೂಡಲೇ ಎಂಸಿಎಚ್‌ಗೆ ಸಮಾನವಾದ ಆರು ವರ್ಷದ ನೇರ ಡಿಆರ್‌ಎನ್‌ಬಿ ಸೇರುವ ದಾರಿಯೂ ಇದೆ, ಆದರೆ ಸೀಟುಗಳು ಬೆರಳೆಣಿಕೆಯಷ್ಟು. ಪ್ರವೇಶ ಪರೀಕ್ಷೆಗಳ ನಡುವೆ ಕಳೆದುಹೋಗುವ ತಿಂಗಳುಗಳನ್ನೂ, ಅನ್ವಯವಾದರೆ ಕಡ್ಡಾಯ ಗ್ರಾಮೀಣ ಸೇವೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹದಿನೆಂಟಕ್ಕೆ ಹೊರಟವರು ಸ್ವಂತ ಹೆಸರಿನಲ್ಲಿ ಮಗುವಿನ ತುಟಿ ಹೊಲಿಯುವಾಗ ಮೂವತ್ತು ದಾಟಿರುತ್ತದೆ. ಈ ಲೆಕ್ಕವನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮದುವೆಯ ಮಾತು ಎಂಸಿಎಚ್ ಎರಡನೇ ವರ್ಷದಲ್ಲಿ ಬಂದೇ ಬರುತ್ತದೆ.

"ನಾನು ಬಿಡಿಎಸ್ ಓದುತ್ತಿದ್ದೇನೆ. ನನಗೆ ಬಾಗಿಲು ಮುಚ್ಚಿತಾ?"

ಮುಚ್ಚಿಲ್ಲ. ಬಿಡಿಎಸ್ ಐದು ವರ್ಷ, ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿಯಲ್ಲಿ (ಬಾಯಿ, ದವಡೆ, ಮುಖದ ಶಸ್ತ್ರಕ್ರಿಯೆ) ಎಂಡಿಎಸ್ ಮೂರು ವರ್ಷ, ಅದರ ಮೇಲೆ ಫೆಲೋಶಿಪ್: ಇದು ಭಾರತದಲ್ಲಿ ಚೆನ್ನಾಗಿ ಸವೆದ ದಾರಿ. ಕರ್ನಾಟಕದಲ್ಲಿಯಂತೂ ಧಾರವಾಡ, ಮಂಗಳೂರಿನ ಕಡೆ ಸೀಳುತುಟಿಯ ಕೆಲಸ ಗಟ್ಟಿಯಾಗಿ ಬೆಳೆದದ್ದರಲ್ಲಿ ದಂತ ಕಾಲೇಜುಗಳ ಪಾಲು ದೊಡ್ಡದು. ದವಡೆ, ಹಲ್ಲುಗಳ ಕಚ್ಚು, ಮುಖದ ಮೂಳೆಯ ಲೆಕ್ಕಾಚಾರದಲ್ಲಿ ಈ ದಾರಿಯವರು ಮೊದಲ ದಿನದಿಂದಲೇ ಮುಂದಿರುತ್ತಾರೆ. ಚರ್ಮ, ಸ್ನಾಯುಗಳ ಕಸಿ ಮತ್ತು ತೀವ್ರ ನಿಗಾ ಘಟಕದ ಅನುಭವವನ್ನು ಅವರು ಬೆನ್ನಟ್ಟಿ ಗಳಿಸಬೇಕು. ತಲೆಬುರುಡೆ ತೆರೆಯುವ ಶಸ್ತ್ರಕ್ರಿಯೆಗಳನ್ನು ಯಾವ ದಾರಿಯಲ್ಲಿ ಬಂದವರೂ ನರಶಸ್ತ್ರವೈದ್ಯರಿಲ್ಲದೆ ಮಾಡುವುದಿಲ್ಲ.

ಪ್ಲಾಸ್ಟಿಕ್ ಸರ್ಜನ್ನರಿಗೂ ಮ್ಯಾಕ್ಸಿಲೋಫೇಶಿಯಲ್ ಸರ್ಜನ್ನರಿಗೂ ಇರುವ "ಇದು ಯಾರ ಹೊಲ" ಎಂಬ ಜಗಳವನ್ನು ನೀವು ಕೇಳಿಯೇ ಇರುತ್ತೀರಿ. ಸಮ್ಮೇಳನಗಳ ಊಟದ ಮೇಜಿನಲ್ಲಿ ಅದು ಜೋರಾಗಿರುತ್ತದೆ, ಆಪರೇಷನ್ ಥಿಯೇಟರಿನಲ್ಲಿ ಅಷ್ಟಿರುವುದಿಲ್ಲ.

"ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಆಗುತ್ತಾ?"

ಆಗುತ್ತದೆ. ನೀಟ್ ಯುಜಿಯನ್ನು ಕನ್ನಡದಲ್ಲಿಯೂ ಬರೆಯಬಹುದು. ಎಂಬಿಬಿಎಸ್ ಮೊದಲ ವರ್ಷದ ಅಂಗರಚನಾಶಾಸ್ತ್ರ ಇಂಗ್ಲಿಷಿನಲ್ಲಿ ಕಷ್ಟವಾಗಬಹುದು, ಆದರೆ ಅದರ ಅರ್ಧ ಲ್ಯಾಟಿನ್ ಆದ್ದರಿಂದ ಇಂಗ್ಲಿಷ್ ಮಾಧ್ಯಮದವರಿಗೂ ಅದು ಅಷ್ಟೇ ಹೊಸದು. ಮುಂದೆ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದ ತಾಯಿಗೆ ಮಗುವಿನ ಸ್ಥಿತಿಯನ್ನು ವಿವರಿಸಬೇಕಾದಾಗ, ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸುವ ನನ್ನ ಸಹೋದ್ಯೋಗಿಗಳಿಗಿಂತ ನೀವು ಮುಂದಿರುತ್ತೀರಿ.

"ಫೆಲೋಶಿಪ್ ಎಲ್ಲಿ ಮಾಡಲಿ? ಹೊರದೇಶಕ್ಕೆ ಹೋಗಲೇಬೇಕಾ?"

ಭಾರತದಲ್ಲಿ ಕ್ರೇನಿಯೋಫೇಶಿಯಲ್ ಸರ್ಜರಿಗೆ ಎಂಸಿಎಚ್‌ನಂಥ ಪ್ರತ್ಯೇಕ ಪದವಿಯ ವಾಡಿಕೆಯಿಲ್ಲ. ಫೆಲೋಶಿಪ್ಪೇ ನಿಜವಾದ ಗುರುಕುಲ. ನಮ್ಮ ಹತ್ತಿರದಲ್ಲೇ ಧಾರವಾಡದ ಎಸ್‌ಡಿಎಂ, ದೇರಳಕಟ್ಟೆಯ ನಿಟ್ಟೆ ಮೀನಾಕ್ಷಿ ಸಂಸ್ಥೆ, ಬೆಂಗಳೂರಿನ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಗಳಲ್ಲಿ ಸೀಳುತುಟಿಯ ಕೆಲಸ ನಡೆಯುತ್ತದೆ. ಗಡಿಯಾಚೆ ತ್ರಿಶೂರಿನ ಜುಬಿಲಿ ಮಿಷನ್ ಆಸ್ಪತ್ರೆಯ ಚಾರ್ಲ್ಸ್ ಪಿಂಟೋ ಕೇಂದ್ರಕ್ಕೆ ದೊಡ್ಡ ಪರಂಪರೆ ಇದೆ. ಕೇಂದ್ರವನ್ನು ಆರಿಸುವಾಗ ಕಟ್ಟಡ ನೋಡಬೇಡಿ. ಮೂರು ವಿಷಯ ಕೇಳಿ: ವರ್ಷಕ್ಕೆ ಎಷ್ಟು ಅಂಗುಳಗಳನ್ನು ಮುಚ್ಚುತ್ತಾರೆ, ಅದರಲ್ಲಿ ಫೆಲೋ ಕೈಗೆ ಎಷ್ಟು ಸಿಗುತ್ತವೆ, ಮತ್ತು ಐದು ವರ್ಷದ ಹಿಂದೆ ಆಪರೇಷನ್ ಆದ ಮಕ್ಕಳು ಈಗಲೂ ತಪಾಸಣೆಗೆ ಬರುತ್ತಿದ್ದಾರೆಯೇ. ಮೂರನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಸೀಳುತುಟಿಯ ಅನುಭವಕ್ಕಾಗಿ ಹೊರದೇಶಕ್ಕೆ ಹೋಗಬೇಕಾಗಿಲ್ಲ. ಅಲ್ಲಿಯವರೇ ಇಲ್ಲಿಗೆ ಬರುತ್ತಾರೆ. ಆದರೆ ಏಪರ್ಟ್, ಕ್ರೂಜೋನ್‌ನಂಥ ಸಿಂಡ್ರೋಮ್ ಇರುವ ಮಕ್ಕಳ ದೊಡ್ಡ ಶಸ್ತ್ರಕ್ರಿಯೆಗಳನ್ನು ಒಂದೇ ಸೂರಿನಡಿ ನೋಡಬೇಕಾದರೆ ಹೊರಗಿನ ಒಂದು ವರ್ಷ ಪ್ರಯೋಜನಕಾರಿ. ಇಂಗ್ಲೆಂಡ್ ಈ ಕೆಲಸವನ್ನು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್, ಬರ್ಮಿಂಗ್‌ಹ್ಯಾಮ್, ಲಿವರ್‌ಪೂಲ್, ಆಕ್ಸ್‌ಫರ್ಡ್ ಎಂಬ ನಾಲ್ಕೇ ಕೇಂದ್ರಗಳಿಗೆ ಸೀಮಿತಗೊಳಿಸಿದೆ. ಅಮೆರಿಕದಲ್ಲಿ ಆರು ವರ್ಷದ ಪ್ಲಾಸ್ಟಿಕ್ ಸರ್ಜರಿ ರೆಸಿಡೆನ್ಸಿಯ ಮೇಲೆ ಒಂದು ವರ್ಷದ ಕ್ರೇನಿಯೋಫೇಶಿಯಲ್ ಫೆಲೋಶಿಪ್ ಮಾಡುವುದು ಸಾಮಾನ್ಯ ಕ್ರಮ.

## ಕೈ ಪಳಗುವ ವರ್ಷಗಳು

"ನನಗೆ ಚಿತ್ರ ಬರೆಯಲು ಬರಲ್ಲ, ಕೈಯೂ ಸ್ವಲ್ಪ ನಡುಗುತ್ತೆ. ಬಿಟ್ಟುಬಿಡಲಾ?"

ಮೊದಲ ಸಲ ಎರಡೂವರೆ ಪಟ್ಟು ದೊಡ್ಡದಾಗಿ ಕಾಣುವ ಲೂಪ್ ಕನ್ನಡಕ ಹಾಕಿದವರಿಗೆಲ್ಲ ತಮ್ಮ ಕೈ ಭೂಕಂಪವಾದಂತೆ ನಡುಗುವುದು ಕಾಣುತ್ತದೆ. ಮಣಿಕಟ್ಟನ್ನು ಮಗುವಿನ ಹಣೆಯ ಬದಿಗೋ ಮೇಜಿಗೋ ಆನಿಸಿ ಬೆರಳುಗಳಿಂದ ಮಾತ್ರ ಕೆಲಸ ಮಾಡುವುದನ್ನು ಕಲಿತರೆ ನಡುಕ ಅಡಗುತ್ತದೆ. ನಮ್ಮ ಕಾಲದಲ್ಲಿ ಹಾಸ್ಟೆಲಿನ ಸ್ಟೀಲ್ ಲೋಟದ ತಳದಲ್ಲಿ ದಾರ ಕಟ್ಟಿ, ಲೋಟದ ಅಂಚಿಗೆ ಬೆರಳು ತಾಗದಂತೆ ಗಂಟು ಹಾಕುವ ಅಭ್ಯಾಸ ಮಾಡುತ್ತಿದ್ದೆವು. ಒಂಬತ್ತು ತಿಂಗಳ ಮಗುವಿನ ಬಾಯಿಯೂ ಆ ಲೋಟಕ್ಕಿಂತ ಕಿರಿದು. ಟೊಮೇಟೊ ಸಿಪ್ಪೆ ಹರಿಯದಂತೆ ಹೊಲಿಯುವುದು ಇನ್ನೊಂದು ಹಳೆಯ ಪಾಠ.

ಚಿತ್ರ ಬರೆಯಲು ಬಾರದಿದ್ದರೂ ಅಳೆಯಲು ಬರಬೇಕು. ತುಟಿಯ ಕೆಂಪಿಗೂ ಚರ್ಮಕ್ಕೂ ನಡುವೆ ಬಿಳಿಯ ಸಣ್ಣ ಏಣೊಂದಿದೆ. ಎರಡು ಬದಿಯ ಏಣುಗಳು ಸೇರುವಾಗ ಒಂದೇ ಒಂದು ಮಿಲಿಮೀಟರ್ ಮೇಲೆ ಕೆಳಗಾದರೂ ಎದುರು ಕುಳಿತು ಮಾತನಾಡುವವರ ಕಣ್ಣು ಜೀವನವಿಡೀ ಅಲ್ಲಿಗೇ ಹೋಗುತ್ತದೆ. ಆದ್ದರಿಂದಲೇ ಚಾಕು ಹಿಡಿಯುವ ಮೊದಲು ಕ್ಯಾಲಿಪರ್ ಮತ್ತು ನೀಲಿ ಶಾಯಿ ಹಿಡಿದು ಕಾಲು ಗಂಟೆ ಚುಕ್ಕಿ ಇಡುತ್ತೇವೆ. ರಂಗೋಲಿ ಹಾಕಿ ಗೊತ್ತಿರುವವರಿಗೆ ಈ ಚುಕ್ಕಿ ಲೆಕ್ಕ ಬೇಗ ಹತ್ತುತ್ತದೆ, ಇದು ತಮಾಷೆಯ ಮಾತಲ್ಲ.

"ಎಡಗೈಯವರಿಗೆ ತೊಂದರೆಯಾ?"

ಇಲ್ಲ. ಎಡಗೈ ಕತ್ತರಿ, ಸೂಜಿಹಿಡಿಕೆ ಸಿಗುತ್ತವೆ. ಎರಡನೆಯ ವರ್ಷಕ್ಕೆ ಎರಡೂ ಕೈ ಬಳಸಲು ಕಲಿತಿರುತ್ತೀರಿ.

"ಪೂರ್ತಿ ಆಪರೇಷನ್ ನಮ್ಮ ಕೈಗೆ ಕೊಡುವುದು ಯಾವಾಗ?"

ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಹೀರುಗೊಳವೆ ಹಿಡಿದು ರಕ್ತ ತೆಗೆಯುತ್ತ ನೋಡುವುದು. ಅದು ಕೀಳು ಕೆಲಸವೆಂದು ಮುಖ ಸಿಂಡರಿಸುವವರು ಎಲ್ಲಿ ರಕ್ತ ಬರುತ್ತದೆ ಎಂಬುದನ್ನೇ ಕಲಿಯುವುದಿಲ್ಲ. ಬಳಿಕ ಕೊನೆಯ ಚರ್ಮದ ಹೊಲಿಗೆ, ಆಮೇಲೆ ಒಂದು ಬದಿಯ ಸ್ನಾಯು ಬಿಡಿಸುವುದು, ಆಮೇಲೆ ಒಂದೇ ಬದಿಯ ಅರೆಸೀಳು ತುಟಿ. ಎರಡೂ ಬದಿ ಸೀಳಿರುವ ತುಟಿ, ಅಗಲ ಅಂಗುಳ ಕೊನೆಗೆ. ಅಂಗುಳದ ಕೆಲಸ ಕಲಿಸುವುದು ಗುರುವಿಗೂ ಕಷ್ಟ, ಏಕೆಂದರೆ ಆ ಬಾಯೊಳಗೆ ಒಬ್ಬರ ಕಣ್ಣು ಮಾತ್ರ ಸರಿಯಾಗಿ ಹೋಗುತ್ತದೆ. ಶಿಷ್ಯ ಏನು ಮಾಡುತ್ತಿದ್ದಾನೆಂದು ಗುರುವಿಗೆ ಕಾಣುವುದೇ ಇಲ್ಲ. ತಲೆಬುರುಡೆಯ ಕೆಲಸದಲ್ಲಿ ಫೆಲೋಶಿಪ್ ಮುಗಿದ ಮೇಲೂ ಕೆಲವು ವರ್ಷ ಹಿರಿಯರೊಬ್ಬರು ಎದುರು ನಿಂತಿರಬೇಕು ಎನ್ನುವುದು ನನ್ನ ಅಭಿಪ್ರಾಯ.

"ಅಷ್ಟು ಚಿಕ್ಕ ಮಗುವಿನ ತಲೆ ತೆರೆಯುವಾಗ ಭಯವಾಗಲ್ವಾ?"

ಆಗುತ್ತದೆ, ಆಗಬೇಕು. ಶಿಶುವಿನ ದೇಹದಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ. ಆರು ಕಿಲೋ ಮಗುವಿನ ಒಟ್ಟು ರಕ್ತ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಕಡಿಮೆ. ದೊಡ್ಡವರಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ 100 ಮಿಲಿಲೀಟರ್ ಇಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು, ಮತ್ತು ತಲೆಯ ಚರ್ಮ ಸುಲಭವಾಗಿ ಅಷ್ಟನ್ನು ಸುರಿಸಿಬಿಡುತ್ತದೆ. ಆದ್ದರಿಂದ ಚರ್ಮ ಕೊಯ್ಯುವ ಮೊದಲೇ ರಕ್ತದ ಚೀಲ ಥಿಯೇಟರಿನೊಳಗೆ ಬಂದಿರಬೇಕು, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಹೋಗುತ್ತಿರಬೇಕು, ರಕ್ತ ಹೀರಿದ ಪ್ರತಿ ಬಟ್ಟೆಯ ತುಂಡನ್ನೂ ತೂಗುತ್ತಿರಬೇಕು. ಈ ವಿಭಾಗಕ್ಕೆ ಬರುವವರು ಶಸ್ತ್ರವೈದ್ಯರಿಗಿಂತ ಮೊದಲು ಮಕ್ಕಳ ಅರಿವಳಿಕೆ ತಜ್ಞರನ್ನು ಗೌರವಿಸಲು ಕಲಿಯಬೇಕು. ಅವರು "ನಿಲ್ಲಿಸಿ" ಎಂದರೆ ವಾದ ಮಾಡದೆ ಗಾಯದ ಮೇಲೆ ಒತ್ತಿ ಹಿಡಿದು ನಿಲ್ಲುವುದೇ ಸರಿಯಾದ ಶಸ್ತ್ರವಿದ್ಯೆ.

"ನಿಮ್ಮ ಕೈಯಲ್ಲಿ ತಪ್ಪಾಗಿದೆಯಾ?"

ಆಗಿದೆ. ಸ್ವತಂತ್ರವಾಗಿ ಕೆಲಸ ಆರಂಭಿಸಿದ ಮೊದಲ ವರ್ಷ, ಅಗಲ ಸೀಳಿದ್ದ ಹನ್ನೊಂದು ತಿಂಗಳ ಮಗುವಿನ ಅಂಗುಳವನ್ನು ಮುಚ್ಚಿದೆ. ಗಟ್ಟಿ ಅಂಗುಳವೂ ಮೆತ್ತನೆಯದೂ ಸೇರುವ ಜಾಗದಲ್ಲಿ ಪದರಗಳು ಒಂದನ್ನೊಂದು ಎಟುಕುತ್ತಿರಲಿಲ್ಲ. ರಕ್ತನಾಳದ ಸುತ್ತ ಇನ್ನಷ್ಟು ಬಿಡಿಸಿಕೊಂಡಿದ್ದರೆ ಎಟುಕುತ್ತಿತ್ತು; ನಾಳ ಹರಿದೀತೆಂಬ ಅಂಜಿಕೆಯಿಂದ ಬಿಡಿಸದೆ ಬಿಗಿದು ಹೊಲಿದೆ. ಹತ್ತನೆಯ ದಿನ ತಾಯಿ ಬಂದು "ಗಂಜಿ ಮೂಗ್ನಾಗ ಬರ್ತೈತ್ರೀ ಸಾಹೇಬ್ರ" ಎಂದರು. ಟಾರ್ಚ್ ಹಾಕಿ ನೋಡಿದರೆ ಹೆಸರುಕಾಳಿನಷ್ಟು ತೂತು. ಅಂಗಾಂಶ ಮೆತ್ತಗಾಗುವವರೆಗೆ ತಿಂಗಳುಗಟ್ಟಲೆ ಕಾದು ಮತ್ತೆ ಮುಚ್ಚಬೇಕಾಯಿತು; ನನ್ನ ಅಂಜಿಕೆಗಾಗಿ ಆ ಮಗು ಇನ್ನೊಮ್ಮೆ ಅರಿವಳಿಕೆಗೆ ಒಳಗಾಯಿತು. ಹಿರಿಯರನ್ನು ಥಿಯೇಟರಿನಿಂದಲೇ ಫೋನಿನಲ್ಲಿ ಕೇಳಬಹುದಿತ್ತು, ಕೇಳಲಿಲ್ಲ. ಈಗ ನನ್ನ ಫೆಲೋಗಳಿಗೆ ನನ್ನ ಫೋನ್ ಯಾವ ಹೊತ್ತಿಗೂ ತೆರೆದಿರುತ್ತದೆ.

## ವೃತ್ತಿಯ ದಿನಚರಿ

"ದಿನವೂ ಆಪರೇಷನ್ ಇರುತ್ತಾ?"

ಇಲ್ಲ. ವಾರದಲ್ಲಿ ಎರಡು ಮೂರು ದಿನ ಥಿಯೇಟರು, ಉಳಿದದ್ದು ಹೊರರೋಗಿಗಳು, ವಾರ್ಡು, ಪಾಠ, ಮತ್ತು ಯಾರೂ ಹೇಳದ ಒಂದು ಕೆಲಸ: ಫೋನ್ ಮಾಡಿ ತಪಾಸಣೆಗೆ ಬನ್ನಿ ಎಂದು ಕರೆಯುವುದು. ಸೀಳಂಗುಳದ ಮಗುವಿಗೆ ಹಾಲುಣಿಸುವ ತರಬೇತಿ ಹುಟ್ಟಿದ ವಾರದಲ್ಲಿ, ತುಟಿ ಮೂರರಿಂದ ಆರು ತಿಂಗಳಲ್ಲಿ, ಅಂಗುಳ ಒಂದು ವರ್ಷದ ಆಸುಪಾಸಿನಲ್ಲಿ, ಮಾತಿನ ಪರೀಕ್ಷೆ ಮೂರರಿಂದ ಐದಕ್ಕೆ, ಕೋರೆಹಲ್ಲು ಹುಟ್ಟುವ ಮೊದಲು ಒಸಡಿನ ಸೀಳಿಗೆ ಸೊಂಟದ ಮೂಳೆಯ ಕಸಿ ಎಂಟರಿಂದ ಹನ್ನೊಂದರ ನಡುವೆ, ದವಡೆ ಸರಿಪಡಿಸುವುದು ಬೆಳವಣಿಗೆ ನಿಂತ ಮೇಲೆ. ಒಂದು ಮಗುವಿನ ಕಡತ ಹದಿನೆಂಟು ವರ್ಷ ಮುಚ್ಚುವುದಿಲ್ಲ. ವಾಕ್ ಚಿಕಿತ್ಸಕರು, ಹಲ್ಲುಗಳನ್ನು ಸಾಲಿಗೆ ತರುವ ಆರ್ಥೊಡಾಂಟಿಸ್ಟ್, ಕಿವಿ ಮೂಗು ಗಂಟಲು ವೈದ್ಯರು, ಮಕ್ಕಳ ವೈದ್ಯರು, ಸಮಾಜ ಕಾರ್ಯಕರ್ತರು ಒಂದೇ ಕೋಣೆಯಲ್ಲಿ ಕುಳಿತು ಮಗುವನ್ನು ನೋಡುವ ದಿನವೇ ವಾರದ ಮುಖ್ಯ ದಿನ.

"ಗ್ರಹಣ ನೋಡಿದ್ದಕ್ಕೇ ಹೀಗಾಯ್ತು ಅಂತ ಅತ್ತೆ ಬೈಯ್ತಾರೆ ಅನ್ನುವ ತಾಯಿಗೆ ಏನು ಹೇಳ್ತೀರಿ?"

ಈ ಮಾತನ್ನು ಎದುರಿಸುವುದನ್ನು ಯಾವ ಪಠ್ಯಕ್ರಮವೂ ಕಲಿಸುವುದಿಲ್ಲ. ನಾನು ಅತ್ತೆಯನ್ನೂ ಒಳಗೆ ಕರೆಯುತ್ತೇನೆ. ಗರ್ಭದಲ್ಲಿ ತುಟಿ ಕೂಡಿಕೊಳ್ಳುವುದು ಆರೇಳನೆಯ ವಾರದಲ್ಲಿ, ಅಂಗುಳ ಮೂರನೆಯ ತಿಂಗಳೊಳಗೆ. ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂದು ತಿಳಿಯುವ ಹೊತ್ತಿಗೆ ತುಟಿಯ ಕೆಲಸ ಮುಗಿದಿರುತ್ತದೆ. ಗ್ರಹಣವಾದದ್ದು ಐದನೆಯ ತಿಂಗಳಲ್ಲಿ ಎಂದು ಅವರೇ ಹೇಳಿದರೆ, ಅಷ್ಟರಲ್ಲಿ ತುಟಿ ಸೀಳಿಯಾಗಿತ್ತು ಎಂದು ಬೆರಳೆಣಿಸಿ ತೋರಿಸುತ್ತೇನೆ. ವಂಶವಾಹಿಗಳ ಗುಣ, ಕೆಲವು ಔಷಧಿಗಳು, ತಂಬಾಕಿನಂಥ ಕಾರಣಗಳು ಕೂಡಿ ಹೀಗಾಗುತ್ತದೆ. ಎಷ್ಟೋ ಸಲ ಒಂದು ಕಾರಣವನ್ನು ಬೊಟ್ಟುಮಾಡಿ ತೋರಿಸಲು ಆಗುವುದಿಲ್ಲ. ನಂಬಿಕೆಯನ್ನು ಗೇಲಿ ಮಾಡಿದರೆ ಆ ಕುಟುಂಬ ಮತ್ತೆ ಬರುವುದಿಲ್ಲ, ಲೆಕ್ಕ ಹೇಳಿದರೆ ಬರುತ್ತದೆ.

"ಇದರಲ್ಲಿ ದುಡ್ಡು ಇದೆಯಾ?"

ಬದುಕಲು ಸಾಕಷ್ಟಿದೆ, ಶ್ರೀಮಂತರಾಗಲು ಈ ವಿಭಾಗ ಸರಿಯಾದ ಜಾಗವಲ್ಲ. ಸೀಳುತುಟಿಯ ಬಹುಪಾಲು ಶಸ್ತ್ರಕ್ರಿಯೆಗಳು ಸ್ಮೈಲ್ ಟ್ರೇನ್‌ನಂಥ ದತ್ತಿ ಸಂಸ್ಥೆಗಳ ಅಥವಾ ಸರ್ಕಾರಿ ಯೋಜನೆಗಳ ನೆರವಿನಿಂದ ಉಚಿತವಾಗಿ ನಡೆಯುತ್ತವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನ ದೋಷಗಳ ಪಟ್ಟಿಯಲ್ಲಿ ಸೀಳುತುಟಿಯನ್ನೂ ಸೇರಿಸಿದ್ದರಿಂದ ಅಂಗನವಾಡಿಯಿಂದಲೇ ಮಕ್ಕಳು ನಮ್ಮ ಬಳಿಗೆ ಬರುವಂತಾಗಿದೆ. ನಮ್ಮಲ್ಲಿ ಹೆಚ್ಚಿನವರು ಅಪಘಾತದ ಮುಖಗಳು, ದವಡೆಯ ಶಸ್ತ್ರಕ್ರಿಯೆ, ಸ್ವಲ್ಪ ಸೌಂದರ್ಯ ಚಿಕಿತ್ಸೆಗಳಿಂದ ಮನೆ ನಡೆಸುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

"ಕ್ಯಾಂಪ್ ಮಾಡಿ ಒಂದೇ ವಾರದಲ್ಲಿ ನೂರು ಮಕ್ಕಳಿಗೆ ಆಪರೇಷನ್ ಮಾಡೋದು ಒಳ್ಳೇದಲ್ವಾ?"

ಏನೂ ಇಲ್ಲದ ಕಡೆ ಕ್ಯಾಂಪ್ ಒಳ್ಳೆಯದೇ. ತುಟಿಗೆ ಕ್ಯಾಂಪ್ ಸಾಕಾಗಬಹುದು, ಅಂಗುಳಕ್ಕೆ ಸಾಲದು, ಏಕೆಂದರೆ ಹತ್ತನೆಯ ದಿನ ಗಂಜಿ ಮೂಗಿನಲ್ಲಿ ಬಂದಾಗ ಕ್ಯಾಂಪಿನ ವೈದ್ಯರು ಊರಲ್ಲಿರುವುದಿಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ತಿಂಗಳ ಕೊನೆಗೆ ಎಷ್ಟಾಯಿತು ಎಂದು ಕೇಳುತ್ತಿದ್ದರು, ಆ ಮಕ್ಕಳ ಮಾತು ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಬ್ರಿಟನ್ನಿನಲ್ಲಿ 1998ರ ಸರ್ಕಾರಿ ಪರಿಶೀಲನೆಯೊಂದು, ಸೀಳುತುಟಿಯ ಕೆಲಸ 57 ಕೇಂದ್ರಗಳಲ್ಲಿ ಹಂಚಿಹೋಗಿರುವುದರಿಂದಲೇ ಫಲಿತಾಂಶ ಕಳಪೆಯಾಗಿದೆ, 8ರಿಂದ 15 ಕೇಂದ್ರಗಳು ಸಾಕು ಎಂದು ಹೇಳಿತು. ಅಲ್ಲಿನ ಸಮಸ್ಯೆ ಒಬ್ಬೊಬ್ಬರ ಕೈಗೆ ತೀರಾ ಕಡಿಮೆ ಮಕ್ಕಳು, ನಮ್ಮದು ಅದರ ತದ್ವಿರುದ್ಧ. ಆದರೆ ಮಗುವನ್ನು ಕೊನೆಯವರೆಗೆ ನೋಡುವ ತಂಡ ಬೇಕೆಂಬುದು ಎರಡೂ ಕಡೆ ಒಂದೇ.

## ಈಗಾಗಲೇ ತರಬೇತಿಯಲ್ಲಿರುವವರ ಪ್ರಶ್ನೆಗಳು

"ಅಂಗುಳ ಬೇಗ ಮುಚ್ಚಬೇಕೋ ತಡವಾಗಿಯೋ? ಒಬ್ಬೊಬ್ಬ ಬಾಸ್ ಒಂದೊಂದು ಹೇಳ್ತಾರೆ."

ಬೇಗ ಮುಚ್ಚಿದರೆ ಮಾತಿಗೆ ಲಾಭ, ತಡ ಮಾಡಿದರೆ ಮೇಲ್ದವಡೆಯ ಬೆಳವಣಿಗೆಗೆ ಲಾಭ, ವಾದವೆಲ್ಲ ಇಷ್ಟೇ. ಮಾತಿನ ಪಾಲು ಎಷ್ಟೆಂಬುದನ್ನು ಕನ್ನಡದ ಕಿವಿಯಿಂದ ಕೇಳಿದರೆ ತಕ್ಷಣ ತಿಳಿಯುತ್ತದೆ. ಪ, ಬ, ತ, ದ, ಕ, ಗ ಹೇಳಲು ಬಾಯೊಳಗೆ ಗಾಳಿಯ ಒತ್ತಡ ಕಟ್ಟಬೇಕು, ಅದಕ್ಕೆ ಮೆತ್ತನೆಯ ಅಂಗುಳ ಹಿಂದಕ್ಕೆ ಏರಿ ಮೂಗಿನ ದಾರಿಯನ್ನು ಮುಚ್ಚಬೇಕು. ಮುಚ್ಚದಿದ್ದರೆ ತುಟಿ ಸರಿಯಾಗಿ ಸೇರಿದರೂ ಗಾಳಿ ಮೂಗಿಗೆ ಸೋರಿ "ಅಪ್ಪ" ಎಂದದ್ದು "ಅಮ್ಮ" ಎಂದು ಕೇಳಿಸುತ್ತದೆ. ಮಗು ನನ್ನನ್ನು ಕರೆಯುವುದೇ ಇಲ್ಲ ಎಂದು ಕೊರಗುತ್ತಿದ್ದ ತಂದೆಯೊಬ್ಬರಿಗೆ, ಕನ್ನಡಿಯನ್ನು ಮಗುವಿನ ಮೂಗಿನ ಕೆಳಗೆ ಹಿಡಿದು, "ಅಪ್ಪ" ಎನ್ನುವಾಗ ಅದು ಮಸುಕಾಗುವುದನ್ನು ತೋರಿಸಿದ್ದೇನೆ. ಮಗು ಅಷ್ಟು ದಿನವೂ ಅವರನ್ನೇ ಕರೆಯುತ್ತಿತ್ತು.

ಮಾತು ಕೂಡಿಕೊಳ್ಳುವ ವಯಸ್ಸು ದಾಟುವ ಮೊದಲು, ಒಂಬತ್ತರಿಂದ ಹನ್ನೆರಡು ತಿಂಗಳ ಸುಮಾರಿಗೆ, ಮೆತ್ತನೆಯ ಅಂಗುಳದ ಸ್ನಾಯುವನ್ನು ಅದರ ಸರಿಯಾದ ಅಡ್ಡ ದಿಕ್ಕಿಗೆ ತಿರುಗಿಸಿ ಜೋಡಿಸುವುದು ನನ್ನ ಪಕ್ಷ. ಗಟ್ಟಿ ಅಂಗುಳದಲ್ಲಿ ಮೂಳೆಯನ್ನು ಬೆತ್ತಲೆ ಬಿಡದಂತೆ ಮಾಡಿದರೆ ಬೆಳವಣಿಗೆಯ ಬೆಲೆ ತಗ್ಗುತ್ತದೆ. ಮಾತಿನ ಪರೀಕ್ಷೆಗೆ "ಕಾಗೆ ಕಾಲು ಕಪ್ಪು" ಎಂಬಂಥ, ಅನುನಾಸಿಕವೇ ಇಲ್ಲದ ವಾಕ್ಯಗಳನ್ನು ಹೇಳಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಂದೆರಡು ವಾರ ಕುಳಿತು ಕೇಳುವುದನ್ನು ಕಲಿತು ಬನ್ನಿ. ಕಿವಿ ಪಳಗದ ಸರ್ಜನ್ ಅಂಗುಳ ಹೊಲಿದು ತೂತಿಲ್ಲವೆಂದು ತೃಪ್ತಿಪಟ್ಟುಬಿಡುತ್ತಾನೆ.

"ಸಿನೊಸ್ಟೋಸಿಸ್‌ಗೆ ಎಂಡೋಸ್ಕೋಪೋ, ಪೂರ್ತಿ ತೆರೆಯುವುದೋ?"

ಮಗು ನಿಮ್ಮ ಬಳಿ ಯಾವಾಗ ಬಂತು ಎಂಬುದೇ ಬಹುಪಾಲು ನಿರ್ಧರಿಸುತ್ತದೆ. ಮೂರು ನಾಲ್ಕು ತಿಂಗಳೊಳಗೆ ಬಂದರೆ ಸಣ್ಣ ಗಾಯದಿಂದ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿ ಬೆಸೆದ ಗೆರೆಯನ್ನು ತೆಗೆದು, ಉಳಿದದ್ದನ್ನು ಬೆಳೆಯುವ ಮಿದುಳಿಗೇ ಬಿಟ್ಟು, ಹೆಲ್ಮೆಟ್‌ನಿಂದ ರೂಪ ತಿದ್ದಬಹುದು. ರಕ್ತಸ್ರಾವ ಕಡಿಮೆ. ಆದರೆ ಹೆಲ್ಮೆಟ್ಟನ್ನು ದಿನದ ಬಹುಪಾಲು ತಿಂಗಳುಗಟ್ಟಲೆ ಹಾಕಬೇಕು, ಮತ್ತೆ ಮತ್ತೆ ಅಳತೆ ಬದಲಿಸಬೇಕು. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ, ಪೇಟೆಗೆ ದೂರದ ಹಳ್ಳಿಯಲ್ಲಿ ಅದು ನಡೆದೀತೇ ಎಂದು ಕೇಳಿಕೊಳ್ಳದೆ ವಿದೇಶದ ಕ್ರಮವನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ನಮ್ಮಲ್ಲಿ ಹೆಚ್ಚಿನ ಮಕ್ಕಳು ಆರು ತಿಂಗಳು ದಾಟಿಯೇ ಬರುತ್ತಾರೆ, ಆಗ ಹಣೆ ಮತ್ತು ಬುರುಡೆಯ ಮೂಳೆಯನ್ನು ತೆಗೆದು ಮರುಜೋಡಿಸುವ ತೆರೆದ ವಿಧಾನವೇ ಗತಿ. ಎರಡು ವರ್ಷ ದಾಟಿದರೆ ಬಿಟ್ಟ ಸಂದುಗಳು ತಾವಾಗಿಯೇ ಮೂಳೆಯಿಂದ ತುಂಬಿಕೊಳ್ಳುವ ಶಕ್ತಿ ಕುಗ್ಗುತ್ತದೆಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

"ಡಿಸ್ಟ್ರಾಕ್ಷನ್ ಕಲಿತರೆ ಹಳೆಯದೆಲ್ಲ ಬೇಡವೇ?"

ಡಿಸ್ಟ್ರಾಕ್ಷನ್ ಎಂದರೆ ಮೂಳೆಯನ್ನು ಮೆಲ್ಲಮೆಲ್ಲನೆ ಎಳೆದು ಉದ್ದ ಮಾಡುವುದು. ಸೈಬೀರಿಯಾದಲ್ಲಿ ಮೂಳೆವೈದ್ಯ ಇಲಿಝಾರೋವ್ ಕಾಲಿನ ಮೂಳೆಗೆಂದು ಕಂಡುಕೊಂಡದ್ದನ್ನು ಅಮೆರಿಕದ ಸರ್ಜನ್ ಮೆಕಾರ್ಥಿ 1992ರಲ್ಲಿ ಮಕ್ಕಳ ಕೆಳದವಡೆಗೆ ತಂದರು. ಮೂಳೆ ಕತ್ತರಿಸಿ, ಕೆಲವು ದಿನ ಬಿಟ್ಟು, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ತಿರುಪು ತಿರುಗಿಸಿದರೆ ನಡುವೆ ಹೊಸ ಮೂಳೆ ಬೆಳೆಯುತ್ತದೆ. ಉಸಿರು ಕಟ್ಟುವ ಪಿಯರ್ ರಾಬಿನ್ ಶಿಶುವಿನ ಗಂಟಲಿಗೆ ತೂತು ಮಾಡುವುದನ್ನು ಇದು ಎಷ್ಟೋ ಸಲ ತಪ್ಪಿಸಿದೆ. ಆದರೆ ಆ ತಿರುಪನ್ನು ಮನೆಯಲ್ಲಿ ತಿರುಗಿಸುವವರು ಗಾಬರಿಯಾಗಿರುವ ತಂದೆತಾಯಿಯರು. ಯಾವ ದಿಕ್ಕಿಗೆ ಎಂದು ಮರೆತು ಎರಡು ದಿನ ಹಿಂದಕ್ಕೆ ತಿರುಗಿಸಿದ ಮನೆಯೊಂದನ್ನು ಕಂಡ ಮೇಲೆ, ನಾನು ಬಾಣದ ಗುರುತನ್ನು ಮಗುವಿನ ಕೆನ್ನೆಯ ಪಟ್ಟಿಯ ಮೇಲೆ ಪೆನ್ನಿನಿಂದ ಬರೆದೇ ಕಳುಹಿಸುತ್ತೇನೆ.

"ನಾನು ಒಳ್ಳೆಯ ಸರ್ಜನ್ ಆಗಿದ್ದೇನೆ ಅಂತ ಗೊತ್ತಾಗೋದು ಯಾವಾಗ?"

ತುಟಿಯ ವಿಷಯದಲ್ಲಿ ಒಂದು ವರ್ಷಕ್ಕೆ, ಕಲೆ ಮೆತ್ತಗಾದ ಮೇಲೆ. ಮಾತಿನ ವಿಷಯದಲ್ಲಿ ಐದಕ್ಕೆ. ದವಡೆಯ ವಿಷಯದಲ್ಲಿ ಹದಿನೇಳು ಹದಿನೆಂಟಕ್ಕೆ. ಅಂದರೆ ಮೂವತ್ತೆರಡರಲ್ಲಿ ಮಾಡಿದ ಅಂಗುಳದ ಪೂರ್ತಿ ಫಲಿತಾಂಶ ಐವತ್ತರಲ್ಲಿ ಸಿಗುತ್ತದೆ. ಅಷ್ಟರಲ್ಲಿ ಅದೇ ವಿಧಾನದಲ್ಲಿ ಇನ್ನೆಷ್ಟೋ ಮಕ್ಕಳಿಗೆ ಮಾಡಿರುತ್ತೀರಿ. ಇದಕ್ಕೆ ಇರುವ ಉಪಾಯ ಒಂದೇ, ಮೊದಲ ಮಗುವಿನಿಂದಲೇ ದಾಖಲೆ ಇಡುವುದು: ಒಂದೇ ದೂರ, ಒಂದೇ ಬೆಳಕಿನ ಫೋಟೊಗಳು, ಐದನೆಯ ವಯಸ್ಸಿನಲ್ಲಿ ಮಾತಿನ ಧ್ವನಿಮುದ್ರಣ, ಹಲ್ಲುಗಳ ಅಚ್ಚು. ಅಂಕ ಹಾಕುವುದನ್ನು ನೀವು ಮಾಡಬೇಡಿ. ಯಾರ ಕೈಕೆಲಸ ಎಂದು ತಿಳಿಯದ ಬೇರೆ ಊರಿನ ಇಬ್ಬರಿಗೆ ಕೊಡಿ. ಫೋಟೊ ತೆಗೆಯುವಾಗ ಮಗುವಿನ ಗಲ್ಲ ಎತ್ತಿಸಿ, ಕೆಳಗಿನಿಂದ ಎರಡೂ ಹೊಳ್ಳೆಗಳು ಕಾಣುವ ಕೋನವನ್ನು ಬಿಡಬೇಡಿ. ಮೊದಲ ಮೂರು ವರ್ಷ ನಾನು ಅದೊಂದನ್ನು ತೆಗೆಯಲಿಲ್ಲ. ಆ ಮಕ್ಕಳ ಮೂಗು ಚೆನ್ನಾಗಿ ಬಂದಿತ್ತೆಂದು ನನಗೆ ನೆನಪಿದೆ, ತೋರಿಸಲು ಏನೂ ಇಲ್ಲ.